ಮುಂದಿನ ಚಿಪ್ ಬರಲಿ, ಆಮೇಲೆ ನೋಡೋಣ

ಹೊಸ ಲ್ಯಾಪ್‌ಟಾಪ್ ಕೊಳ್ಳಲು ಪ್ರಶಸ್ತ ಕಾಲ ಯಾವುದು ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಉತ್ತರ ಸಿದ್ಧವಿರುತ್ತದೆ: ಈಗಲ್ಲ. ಜನವರಿಯಲ್ಲಿ ಕೇಳಿದವರಿಗೆ, ಲಾಸ್ ವೇಗಸ್‌ನ ಸಿಇಎಸ್ ಮೇಳದಲ್ಲಿ ಈಗಷ್ಟೇ ಹೊಸ ಚಿಪ್ ತೋರಿಸಿದ್ದಾರೆ, ಅವು ಕೈಗೆ ಸಿಗುವ ತನಕ ತಡೆಯಿರಿ ಎನ್ನುತ್ತೇನೆ. ಅವು ಕೈಗೆ ಸಿಗುವ ಹೊತ್ತಿಗೆ ತೈಪೆಯ ಕಂಪ್ಯೂಟೆಕ್ಸ್ ಮೇಳ ಹತ್ತಿರ ಬಂದಿರುತ್ತದೆ. ಅದರ ಬೆನ್ನಿಗೇ ಆ್ಯಪಲ್‌ನವರ ಜೂನ್ ಸಮ್ಮೇಳನ. ಆಮೇಲೆ ಸೆಪ್ಟೆಂಬರ್, ಅಕ್ಟೋಬರ್ ಬಿಡುಗಡೆಗಳು. ಡಿಸೆಂಬರ್‌ನಲ್ಲಿ ಕೇಳುವವರನ್ನು ಕಂಡರಂತೂ ಮರುಕ ಹುಟ್ಟುತ್ತದೆ. ಇನ್ನೇನು ಸಿಇಎಸ್ ಬಂತಲ್ಲ!

ಇಂಥ ಸಲಹೆ ಕೊಡುವವನ ಹತ್ತಿರ ಎಂಥ ಲ್ಯಾಪ್‌ಟಾಪ್ ಇದೆ ಎಂದು ಯಾರೂ ಕೇಳುವುದಿಲ್ಲ, ಪುಣ್ಯ. ನನ್ನದು ಯಾವ ಕಂಪನಿಯದೆಂದು ಹೇಳುವುದು ಬೇಡ, ವಯಸ್ಸಾದ ಮೇಲೆ ಎಲ್ಲರ ಕೀಲೂ ಸಡಿಲವೇ. ಅದರ ಸೊನ್ನೆಯ ಕೀಲಿ ಮನಸ್ಸು ಬಂದರೆ ಮಾತ್ರ ಕೆಲಸ ಮಾಡುತ್ತದೆ. ಒಮ್ಮೆ ಸಭೆ 10 ಗಂಟೆಗೆ ಎಂದು ಎಲ್ಲರಿಗೂ ಮೇಲ್ ಕಳಿಸಿ, ಹೇಳಿದ ಹೊತ್ತಿಗೆ ಸರಿಯಾಗಿ ಆನ್‌ಲೈನ್‌ನಲ್ಲಿ ನಾನೊಬ್ಬನೇ ಕೂತಿದ್ದೆ. ಸಮಯಪಾಲನೆ ಎನ್ನುವುದು ನಮ್ಮವರಿಗೆ ಗೊತ್ತೇ ಇಲ್ಲವೆಂದು ಚೆನ್ನಾಗಿ ಬೈದುಕೊಂಡೆ. ಉಳಿದವರೆಲ್ಲ ಒಬ್ಬರೂ ತಪ್ಪದೆ, ಒಂದು ನಿಮಿಷವೂ ತಡಮಾಡದೆ, 1 ಗಂಟೆಗೆ ಬಂದರು.

ಫ್ಯಾನಿನದು ಬೇರೆಯೇ ಕಥೆ. ಕಚೇರಿ ಕೆಲಸಕ್ಕೆ ಅದು ಅಷ್ಟಾಗಿ ಸದ್ದು ಮಾಡುವುದಿಲ್ಲ. ಮುಂಬರುವ ಫ್ಯಾನ್ ಇಲ್ಲದ, ತಣ್ಣಗಿನ, ಸದ್ದಿಲ್ಲದ ಲ್ಯಾಪ್‌ಟಾಪ್‌ಗಳ ಗಾಳಿಸುದ್ದಿ ಓದಲು ನಾಲ್ಕಾರು ಪುಟ ತೆರೆದೆನೋ, ಮೈಮೇಲೆ ದೇವರು ಬಂದಂತೆ ಶುರುವಾಗುತ್ತದೆ. ಆ ಹೊತ್ತಿಗೆ ಸರಿಯಾಗಿ ವಿಡಿಯೋ ಕರೆಯಲ್ಲಿದ್ದ ಹಿರಿಯರೊಬ್ಬರು ಬಹಳ ಕಾಳಜಿಯಿಂದ, "ನಿಮ್ಮ ಕಡೆ ಮಳೆ ಜೋರಾ?" ಎಂದರು. ಹೌದು ಸರ್ ಎಂದೆ. ಅಂದಿನಿಂದ ಅವರು ಕರೆ ಮಾಡಿದಾಗಲೆಲ್ಲ ನಮ್ಮಲ್ಲಿ ಮಳೆ.

ಹಾಗಾದರೆ ಹೊಸದನ್ನು ಕೊಳ್ಳಬಾರದೇ ಎಂದರೆ, ಕೊಳ್ಳುವುದೇನೋ ಸುಲಭ. ಕೊಂಡ ಮೇಲೆ ಮಾಡುವುದೇನು? ನಾಳೆ ಬರಲಿರುವ ಚಿಪ್ ಬಗ್ಗೆ ಓದುವ ಸುಖಕ್ಕೆ ಇವತ್ತಿನ ಲ್ಯಾಪ್‌ಟಾಪ್ ಹಳೆಯದೇ ಆಗಿರಬೇಕು. ಹೊಟ್ಟೆ ತುಂಬಿದವನು ಅಡುಗೆಮನೆಯ ಕಡೆ ಯಾಕೆ ತಲೆಹಾಕುತ್ತಾನೆ?

ಇದರಲ್ಲಿ ನಮ್ಮಂಥವರನ್ನು ಸೆಳೆಯುವುದು 'ಕಸ್ಟಮ್' ಎನ್ನುವ ವಿಶೇಷಣ. ಪೇಟೆಯಲ್ಲಿ ಎಲ್ಲರಿಗೂ ಸಿಗುವ ಪ್ರೊಸೆಸರ್ ಅಲ್ಲ, ಈ ಲ್ಯಾಪ್‌ಟಾಪ್‌ಗೆಂದೇ ಅಳತೆ ಕೊಟ್ಟು ಮಾಡಿಸಿದ್ದು ಎಂದ ಕೂಡಲೇ ನಮಗೆ ಕಿವಿ ನೆಟ್ಟಗಾಗುತ್ತದೆ. ಅಳತೆ ಕೊಟ್ಟು ಮಾಡಿಸಿದ್ದು ಎಂದರೆ ಎಷ್ಟರಮಟ್ಟಿಗೆ ಎನ್ನುವುದರಲ್ಲಿ ಮಾತ್ರ ಬಹಳ ವೈವಿಧ್ಯವಿದೆ. 2008ರ ಮೊದಲ ಮ್ಯಾಕ್‌ಬುಕ್ ಏರ್‌ಗಾಗಿ ಇಂಟೆಲ್‌ನವರು ತಮ್ಮ ಕೋರ್ 2 ಡ್ಯುಯೊ ಚಿಪ್‌ನ ಹೊರಕವಚವನ್ನು ಶೇ 60ರಷ್ಟು ಕಿರಿದು ಮಾಡಿಕೊಟ್ಟರು. ಒಳಗಿನ ಜೀವ ಅದೇ, ಅಂಗಿ ಮಾತ್ರ ಚಿಕ್ಕದು. 2019ರಲ್ಲಿ ಮೈಕ್ರೊಸಾಫ್ಟ್‌ನ 15 ಇಂಚಿನ ಸರ್ಫೇಸ್ ಲ್ಯಾಪ್‌ಟಾಪ್ 3 ಬಂದಾಗ ಅದರೊಳಗಿನ ಎಎಂಡಿ ಕಂಪನಿಯ ಚಿಪ್‌ಗೆ 'ರೈಜೆನ್ ಸರ್ಫೇಸ್ ಎಡಿಷನ್' ಎಂಬ ಹೆಸರು ಕೇಳಿ ನಾನು ಆ ರಾತ್ರಿಯೆಲ್ಲ ಕೂತು ಓದಿದೆ. ಎರಡು ದೊಡ್ಡ ಕಂಪನಿಗಳ ಎಂಜಿನಿಯರುಗಳು ಕೂಡಿ ಏನು ಪವಾಡ ಮಾಡಿದ್ದಾರೋ ಎಂಬ ಕುತೂಹಲ. ಬೆಳಗಿನ ಜಾವದ ಹೊತ್ತಿಗೆ ಸಿಕ್ಕಿತು: ಎಲ್ಲರಿಗೂ ಸಿಗುವ ರೈಜೆನ್ 7 3700ಯು ಚಿಪ್‌ನಲ್ಲಿ ಗ್ರಾಫಿಕ್ಸ್ ಘಟಕಗಳು 10, ಈ ವಿಶೇಷ 3780ಯುನಲ್ಲಿ 11. ಒಂದು ಜಾಸ್ತಿ. ಇನ್ನೂ ಹಲವು ಸೂಕ್ಷ್ಮ ಹೊಂದಾಣಿಕೆಗಳಿದ್ದವಂತೆ, ಇರಲಿ. ನಿದ್ದೆಗೆಟ್ಟವನಿಗೆ ಕಂಡದ್ದು ಆ ಒಂದೇ ಒಂದು.

ನನಗೆ ಇವತ್ತಿಗೂ ಅತ್ಯಂತ ಪ್ರಿಯವಾದದ್ದು 2018ರ ಕೇಬಿ ಲೇಕ್-ಜಿ ಎಂಬ ಚಿಪ್. ದಶಕಗಳ ಕಾಲ ಒಬ್ಬರ ಮುಖ ಒಬ್ಬರು ನೋಡದ ಇಂಟೆಲ್ ಮತ್ತು ಎಎಂಡಿ ಒಂದೇ ತಟ್ಟೆಯಲ್ಲಿ ಕೂತರು: ಇಂಟೆಲ್‌ನ ಪ್ರೊಸೆಸರ್, ಪಕ್ಕದಲ್ಲೇ ಎಎಂಡಿಯ ರೇಡಿಯಾನ್ ಗ್ರಾಫಿಕ್ಸ್. ಈ ಸುದ್ದಿ ಗಾಳಿಯಲ್ಲಿದ್ದಾಗ, ಸಾಧ್ಯವೇ ಇಲ್ಲ, ಯಾರೋ ಕೆಲಸವಿಲ್ಲದವರು ಹಬ್ಬಿಸಿದ್ದು ಎಂದು ನಾನು ಸಿಕ್ಕಸಿಕ್ಕವರಿಗೆಲ್ಲ ಖಡಾಖಂಡಿತವಾಗಿ ಹೇಳಿದ್ದೆ. ಅದು ನಿಜವಾಯಿತು. ಇನ್ನು ಎಲ್ಲ ಲ್ಯಾಪ್‌ಟಾಪ್‌ಗಳೂ ಹೀಗೇ ಬರುತ್ತವೆ, ಕಾಯಿರಿ ಎಂದು ಅವರಿಗೇ ಮತ್ತೆ ಹೇಳಿದೆ. ಮರುವರ್ಷವೇ ಆ ಚಿಪ್ ನಿಲ್ಲಿಸುತ್ತೇವೆಂದು ಇಂಟೆಲ್ ಪ್ರಕಟಿಸಿತು. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಕೆಲವರು ಇನ್ನೂ ಕಾಯುತ್ತಿರಬಹುದು.

ಆ್ಯಪಲ್‌ನವರು 2020ರ ನವೆಂಬರ್‌ನಲ್ಲಿ ಎಂ1 ಎಂಬ ತಮ್ಮದೇ ಚಿಪ್ ತಂದಮೇಲೆ ಈ ಹುಚ್ಚು ಇನ್ನೊಂದು ಹಂತಕ್ಕೇರಿತು. ಅಲ್ಲಿಯತನಕ ಊಹೆ ಮಾಡಲು ಇದ್ದದ್ದು ಇಂಟೆಲ್‌ನ ಕೆರೆಗಳ ಹೆಸರು (ಆ ಲೇಕ್, ಈ ಲೇಕ್), ಎಎಂಡಿಯ ಚಿತ್ರಕಾರರ ಹೆಸರು (ಪಿಕಾಸೊ, ರೆನ್ವಾ, ಸೆಜಾನ್), ಅಷ್ಟೇ. ಈಗ ಚಿಪ್‌ನ ಫೋಟೊ ಇಟ್ಟುಕೊಂಡು ಜಾತಕ ಬರೆಯುವ ಪದ್ಧತಿ ಬಂತು. ಇದನ್ನು ನಕ್ಕು ತಳ್ಳಿಹಾಕುವಂತೆಯೂ ಇಲ್ಲ, ಯಾಕೆಂದರೆ ಒಮ್ಮೆ ಅದು ಫಲಿಸಿಬಿಟ್ಟಿದೆ. 2021ರಲ್ಲಿ ಎಂ1ನ ದೊಡ್ಡಣ್ಣ ಎಂ1 ಮ್ಯಾಕ್ಸ್‌ನ ಚಿತ್ರವನ್ನು ಕಂಪನಿ ತೋರಿಸಿತು. ನಿಜವಾದ ಚಿಪ್ ಬಿಚ್ಚಿ ನೋಡಿದವರಿಗೆ ಕೆಳಗಡೆ ಚಿತ್ರದಲ್ಲಿಲ್ಲದ ಒಂದು ಪಟ್ಟಿ ಕಂಡಿತು. ಕತ್ತರಿಸಿ ತೋರಿಸಿದ್ದಾರೆ, ಇದು ಇನ್ನೊಂದು ಚಿಪ್ ಜೋಡಿಸುವ ಜಾಗ ಎಂದರು. 2022ರ ಮಾರ್ಚ್‌ನಲ್ಲಿ ಎರಡು ಮ್ಯಾಕ್ಸ್ ಬೆಸೆದ, 11,400 ಕೋಟಿ ಟ್ರಾನ್ಸಿಸ್ಟರ್‌ಗಳ ಎಂ1 ಅಲ್ಟ್ರಾ ಬಂದೇ ಬಂತು! ಅಂದು ನನಗಾದ ಸಂತೋಷ ಸ್ವಂತ ಬಡ್ತಿಯಲ್ಲೂ ಆಗಿರಲಿಲ್ಲ. ಆಮೇಲೆ ಎಂ3 ಮ್ಯಾಕ್ಸ್‌ನಲ್ಲಿ ಆ ಪಟ್ಟಿ ಕಾಣುತ್ತಿಲ್ಲ, ಆದ್ದರಿಂದ ಎರಡನ್ನು ಬೆಸೆಯುವ ಮಾತೇ ಇಲ್ಲ ಎಂದು ಅದೇ ಜ್ಯೋತಿಷ್ಯ ನುಡಿಯಿತು. ನಾನೂ ತಲೆಯಾಡಿಸಿದೆ. 2025ರ ಮಾರ್ಚ್‌ನಲ್ಲಿ ಎರಡು ಎಂ3 ಮ್ಯಾಕ್ಸ್ ಬೆಸೆದ ಎಂ3 ಅಲ್ಟ್ರಾ, ಅದೂ ಎಂ4 ಪೀಳಿಗೆಯ ಪಕ್ಕದಲ್ಲಿ ಕೂತು, ನಮ್ಮನ್ನು ನೋಡಿ ನಕ್ಕಿತು.

ಇಷ್ಟಾದರೂ ಪರರಿಗೆ ಸಾಂತ್ವನ ಹೇಳುವುದರಲ್ಲಿ ನಾನು ಹಿಂದೆ ಬಿದ್ದವನಲ್ಲ. 2024ರ ಮಾರ್ಚ್‌ನಲ್ಲಿ ಗೆಳೆಯನೊಬ್ಬ ಎಂ3 ಇರುವ ಮ್ಯಾಕ್‌ಬುಕ್ ಏರ್ ಕೊಂಡ. ಮೇ ತಿಂಗಳಲ್ಲಿ ಎಂ4 ಬಂತು, ಅದೂ ಲ್ಯಾಪ್‌ಟಾಪ್‌ನಲ್ಲಲ್ಲ, ಐಪ್ಯಾಡ್‌ನಲ್ಲಿ. ತಕ್ಷಣ ಅವನಿಗೆ ಫೋನ್ ಮಾಡಿ, ಬೇಜಾರು ಮಾಡಿಕೊಳ್ಳಬೇಡ, ಇಂಥದ್ದು ಯಾರಿಗಾದರೂ ಆಗಬಹುದು ಎಂದೆ. ಅವನಿಗೆ ಬೇಜಾರು ಆಗಿರಲಿಲ್ಲ. ಏನಾಯಿತೆಂದೇ ಗೊತ್ತಿರಲಿಲ್ಲ. ವಿವರವಾಗಿ ತಿಳಿಸಿದೆ. ಫೋನ್ ಇಡುವಷ್ಟರಲ್ಲಿ ಅವನಿಗೆ ಬೇಕಾದಷ್ಟು ಬೇಜಾರಾಗಿತ್ತು. ಅಕ್ಟೋಬರ್‌ನಲ್ಲಿ ಅದೇ ಏರ್‌ನ ಆರಂಭಿಕ ಮಾದರಿಗೆ 8 ಜಿಬಿ ಬದಲು 16 ಜಿಬಿ ಮೆಮೊರಿ, ಹಳೆಯ ಬೆಲೆಗೇ, ಎಂದಾಗ ಮತ್ತೆ ಸಾಂತ್ವನ ಹೇಳಲು ಕರೆ ಮಾಡಿದೆ. ಎತ್ತಲಿಲ್ಲ.

ಭಾವನ ಪ್ರಸಂಗವೂ ಅದೇ ವರ್ಷದ್ದು. "ಲೋ, ನಿನಗೆ ಇದೆಲ್ಲ ಗೊತ್ತಲ್ಲ, ನನಗೊಂದು ಲ್ಯಾಪ್‌ಟಾಪ್ ಹೇಳೋ" ಎಂದರು.

"ಯಾವ ಕೆಲಸಕ್ಕೆ ಭಾವ?"

"ಮೇಲ್ ನೋಡ್ಬೇಕು, ಲೆಕ್ಕ ಬರೀಬೇಕು. ರಾತ್ರಿ ಒಂದು ಸಿನಿಮಾ."

ಇಷ್ಟು ಸಣ್ಣ ಪ್ರಶ್ನೆಗೆ ಸಣ್ಣ ಉತ್ತರ ಕೊಟ್ಟರೆ ಇಷ್ಟು ಓದಿದ್ದಕ್ಕೆ ಏನು ಅರ್ಥ? ಜೂನ್‌ನಲ್ಲಿ ಕ್ವಾಲ್‌ಕಾಮ್‌ನ ಸ್ನ್ಯಾಪ್‌ಡ್ರಾಗನ್ ಎಕ್ಸ್ ಎಲೀಟ್ ಚಿಪ್ ಬರುತ್ತಿದೆ, ಅದಕ್ಕೆ ಕಾಯಲೇಬೇಕು ಎಂದೆ. ಅದರ ಕೋರ್‌ಗಳ, ಎಂದರೆ ಚಿಪ್‌ನೊಳಗೆ ಲೆಕ್ಕ ಮಾಡುವ ಘಟಕಗಳ, ವಂಶಾವಳಿ ಹೇಳಿದೆ: ಆ್ಯಪಲ್ ಬಿಟ್ಟ ಎಂಜಿನಿಯರುಗಳು 2019ರಲ್ಲಿ ನುವಿಯಾ ಎಂಬ ಕಂಪನಿ ಕಟ್ಟಿದ್ದು, 2021ರಲ್ಲಿ ಕ್ವಾಲ್‌ಕಾಮ್ ಅದನ್ನು ಕೊಂಡದ್ದು, ಲೈಸೆನ್ಸ್ ವಿಷಯದಲ್ಲಿ ತಕರಾರು ಎದ್ದು 2022ರಲ್ಲಿ, ಚಿಪ್ ವಿನ್ಯಾಸಕ್ಕೆ ಲೈಸೆನ್ಸ್ ಕೊಡುವ ಆರ್ಮ್ ಕಂಪನಿ ಮೊಕದ್ದಮೆ ಹೂಡಿದ್ದು, ಎಲ್ಲ.

ಭಾವ ಸಾವಧಾನವಾಗಿ ಕೇಳಿ, "ಕೋರ್ಟು ವ್ಯಾಜ್ಯ ಇರೋ ಆಸ್ತಿ ಬೇಡ ಕಣೋ" ಎಂದರು.

ಹಾಗಿದ್ದರೆ ಸೆಪ್ಟೆಂಬರ್‌ಗೆ ಬರುವ ಇಂಟೆಲ್‌ನ ಲೂನಾರ್ ಲೇಕ್‌ಗೆ ಕಾಯೋಣ ಎಂದೆ. ಮೆಮೊರಿಯನ್ನು ಪ್ರೊಸೆಸರ್ ಜೊತೆಗೇ ಒಂದೇ ಪೊಟ್ಟಣದಲ್ಲಿ ಕೂರಿಸುತ್ತಾರೆ, ಬ್ಯಾಟರಿ ಬಹಳ ಹೊತ್ತು ಬರುತ್ತದೆ, ಇನ್ನು ಮುಂದಿನ ದಾರಿಯೇ ಇದು. ಭಾವ ಕಾದರು. ಲೂನಾರ್ ಲೇಕ್ ಬಂತು. ಅದು ಬಂದ ಮರುತಿಂಗಳೇ ಇಂಟೆಲ್‌ನ ಮುಖ್ಯಸ್ಥರು, ಮೆಮೊರಿಯನ್ನು ಹೀಗೆ ಕೂರಿಸುವುದು ಈ ಒಂದು ಸಲಕ್ಕೆ ಮಾತ್ರ ಎಂಬರ್ಥದಲ್ಲಿ ಮಾತಾಡಿದರು. ಇದನ್ನು ಭಾವನಿಗೆ ಹೇಗೆ ತಿಳಿಸುವುದೆಂದು ನಾನು ಪದ ಹುಡುಕುತ್ತಿರುವಾಗಲೇ ಅವರು ಅಕ್ಕನ ಜೊತೆ ಹೋಗಿ ಒಂದನ್ನು ತಂದಾಗಿತ್ತು. ಯಾವ ಪ್ರೊಸೆಸರ್ ಭಾವ ಎಂದು ಕೇಳಿದೆ. "ನೀಲಿ" ಎಂದರು.

1983ರಲ್ಲಿ ಅಮೆರಿಕದ ಆಸ್‌ಬರ್ನ್ ಕಂಪ್ಯೂಟರ್ ಕಂಪನಿ ದಿವಾಳಿಯಾಯಿತು. ಮುಂದಿನ ಮಾದರಿಯ ಬಗ್ಗೆ ಕಂಪನಿಯೇ ಮುಂಚಿತವಾಗಿ ಮಾತಾಡಿದ್ದರಿಂದ ಜನ ಇದ್ದ ಮಾದರಿ ಕೊಳ್ಳುವುದನ್ನೇ ಬಿಟ್ಟರು ಎನ್ನುವ ಕಥೆ ಪ್ರಸಿದ್ಧ. ಬೇರೆ ಕಾರಣಗಳೂ ಇದ್ದವೆಂದು ವಾದಿಸುವವರಿದ್ದಾರೆ. ನಾನು ಮಾತ್ರ ಮೊದಲಿನ ಕಥೆಯನ್ನೇ ನಂಬುತ್ತೇನೆ. ಕೊಳ್ಳದೆ ಕಾದು ಕೂತು ಒಂದು ಕಂಪನಿಯನ್ನೇ ಮುಳುಗಿಸಿದ ಆ ಮಹನೀಯರು ನಮ್ಮ ಮೂಲಪುರುಷರು.

ಊಹೆ ಮಾಡಿ ಮಾಡಿ ಸಾಕಾಗಿ ಒಂದು ರಾತ್ರಿ ನಾನೇ ಒಂದು ಪ್ರೊಸೆಸರ್ ವಿನ್ಯಾಸ ಮಾಡಿದೆ, ಹಳೆಯ ಲಕೋಟೆಯ ಹಿಂಬದಿಯಲ್ಲಿ. ದೊಡ್ಡ ಕೋರ್ 12, ಸಣ್ಣ ಕೋರ್ 4, ಮೆಮೊರಿ 64 ಜಿಬಿ, ಫ್ಯಾನ್ ಇಲ್ಲ. ಇದನ್ನು ನಿಜವಾಗಿ ತಯಾರಿಸಬೇಕೆಂದರೆ ಸೆಕೆಂಡಿಗೆ 50,000 ತವರದ ಹನಿಗಳಿಗೆ ಲೇಸರ್ ಹೊಡೆದು, 13.5 ನ್ಯಾನೋಮೀಟರ್ ತರಂಗಾಂತರದ ಬೆಳಕು ಹುಟ್ಟಿಸಿ, ಆ ಬೆಳಕಿನಲ್ಲಿ ಸಿಲಿಕಾನ್ ಮೇಲೆ ಅಚ್ಚು ಹಾಕಬೇಕು. ಲಕೋಟೆಯ ಮೇಲೆ ಅಷ್ಟೆಲ್ಲ ರಗಳೆಯಿಲ್ಲ. ಬೆಳಗ್ಗೆ ಎದ್ದಾಗ ನನ್ನ ಹೆಂಡತಿ ಅದನ್ನು ಹಿಡಿದು ಓದುತ್ತಿದ್ದಳು.

"ಇದೇನ್ರೀ, ದೊಡ್ಡ ಕೋರ್, ಸಣ್ಣ ಕೋರ್?"

"ದೊಡ್ಡದು ಭಾರಿ ಕೆಲಸಕ್ಕೆ. ಅದಕ್ಕೆ ಖರ್ಚು ಜಾಸ್ತಿ, ಬೇಗ ಬಿಸಿಯಾಗುತ್ತೆ. ದಿನವಿಡೀ ಇರೋ ಸಣ್ಣಪುಟ್ಟ ಕೆಲಸಾನೆಲ್ಲ ಸಣ್ಣದು ಸದ್ದಿಲ್ಲದೆ ಮಾಡ್ಕೊಂಡು ಹೋಗುತ್ತೆ."

"ದೊಡ್ಡದು ಯಾವಾಗ ಏಳುತ್ತೆ?"

"ಅಗತ್ಯ ಬಿದ್ದಾಗ. ಮಿಕ್ಕ ಹೊತ್ತು ಮಲಗಿರುತ್ತೆ."

ಅವಳು ಗಡಿಯಾರ ನೋಡಿದಳು, ನನ್ನನ್ನು ನೋಡಿದಳು, ಲಕೋಟೆಯನ್ನು ನನ್ನ ದಿಂಬಿನ ಮೇಲಿಟ್ಟು ಹೋದಳು. ಅದರೊಳಗೆ ಕರೆಂಟ್ ಬಿಲ್ ಇತ್ತೆಂದು ಆಮೇಲೆ ಗೊತ್ತಾಯಿತು. ಕಟ್ಟಲು ಕೊನೆಯ ದಿನ ಕಳೆದಿತ್ತು.

ಮೊನ್ನೆ ಇನ್ನೊಂದು ಹೊಸ ಚಿಪ್‌ನ ಅನಾವರಣ. ನೇರ ಪ್ರಸಾರ. ವೇದಿಕೆಯ ಮೇಲೆ ಕಪ್ಪು ಅಂಗಿಯವರು ಒಬ್ಬರಾದ ಮೇಲೊಬ್ಬರು ಬಂದು, ಕಳೆದ ಪೀಳಿಗೆಗಿಂತ ಎಷ್ಟು ಪಟ್ಟು ವೇಗ ಎಂದು ಹೇಳುವ ಸ್ಲೈಡ್‌ವರೆಗೆ ತಂದು ನಿಲ್ಲಿಸಿದರು. ಅಷ್ಟರಲ್ಲಿ ನನ್ನ ಲ್ಯಾಪ್‌ಟಾಪ್ ಒಮ್ಮೆ ಗುರ್ರೆಂದು ಆರಿಹೋಯಿತು. ಗುಂಡಿ ಒತ್ತಿದೆ, ತಿರುಗಿಸಿದೆ, ಬೆನ್ನು ತಟ್ಟಿದೆ. ಕೊನೆಗೆ ಹೆಂಡತಿಯ ಲ್ಯಾಪ್‌ಟಾಪ್ ಬೇಡಿಕೊಂಡು ಮಿಕ್ಕಿದ್ದನ್ನು ನೋಡಿದೆ. ನನ್ನನ್ನು ಒಂದು ಮಾತೂ ಕೇಳದೆ ಕೊಂಡದ್ದು ಅದು. ಎಷ್ಟು ಚುರುಕಾಗಿತ್ತೆಂದರೆ ಅನಾವರಣದ ಮೇಲಿನ ಗಮನ ಹೋಗಿ ನನಗೆ ಇದರೊಳಗೆ ಏನಿದೆಯೆಂಬ ಕೆಟ್ಟ ಕುತೂಹಲ ಶುರುವಾಯಿತು. ಅಂಗೈ ಊರುವ ಜಾಗದಲ್ಲಿ ಪ್ರೊಸೆಸರ್ ಹೆಸರಿನ ಸ್ಟಿಕ್ಕರ್ ಹುಡುಕಿದೆ. ಬಳೆಗೆ ಸಿಕ್ಕಿಕೊಳ್ಳುತ್ತೆ ಎಂದು ತಂದ ದಿನವೇ ಕಿತ್ತೆಸೆದಿದ್ದಳಂತೆ.

"ಯಾವ ಚಿಪ್ ಅಂತಾದರೂ ನೆನಪಿದೆಯಾ?"

"ಇಲ್ಲ. ಆನ್ ಆಗುತ್ತೆ."

ಸೆಟ್ಟಿಂಗ್ಸ್ ತೆರೆದು ನೋಡೋಣವೆಂದು ನಾನು ತಡಕಾಡುವಷ್ಟರಲ್ಲಿ ಪರದೆ ಲಾಕ್ ಆಗಿ ಪಾಸ್‌ವರ್ಡ್ ಕೇಳಿತು. ಹೇಳು ಎಂದೆ.

"ಕಾರ್ಯಕ್ರಮ ಮುಗೀತಲ್ಲ" ಎಂದು ಲ್ಯಾಪ್‌ಟಾಪ್ ಮಡಚಿಕೊಂಡು ಎದ್ದುಹೋದಳು.