ಬೆಲ್ಲದ ಒಬ್ಬಟ್ಟಿಗೆ ತೂಕವಿಲ್ಲವಂತೆ

ನಿನ್ನೆ ತಂಗಿಯ ಮೊಮ್ಮಗಳ ನಾಮಕರಣ. ಪಂಕ್ತಿಯಲ್ಲಿ ನನ್ನ ಎಡಕ್ಕೆ ಕೂತವನು ತಂಗಿಯ ಕಿರಿಮಗ. ಬೆಂಗಳೂರಿನಲ್ಲಿ ಕೆಲಸ, ಕೈಯಲ್ಲಿ ಹೆಜ್ಜೆ ಎಣಿಸುವ ಗಡಿಯಾರ. ಅನ್ನ ಬಡಿಸಲು ಬಂದವರಿಗೆ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, "ಬೇಡ, ಬೇಡ, ಅನ್ನ ಬಿಟ್ಟು ಆರು ತಿಂಗಳಾಯಿತು" ಎಂದ. ನನ್ನ ಎಲೆಯನ್ನು ಕನಿಕರದಿಂದ ನೋಡಿ, "ಅದು ಬಿಳಿ ವಿಷ ದೊಡ್ಡಮ್ಮ" ಎಂದೂ ಸೇರಿಸಿದ. ಆಮೇಲೆ ಒಬ್ಬಟ್ಟು ಬಂತು. ಒಂದು, ಎರಡು, ನಾಲ್ಕು. ಮೇಲೆ ತುಪ್ಪ, ಅದೂ ಧಾರೆಯಾಗಿ. ನನ್ನ ಮುಖ ನೋಡಿ ಅವನೇ ಸಮಜಾಯಿಷಿ ಕೊಟ್ಟ: "ಸಕ್ಕರೆ ಅಲ್ಲವಲ್ಲ, ಬೆಲ್ಲ. ತುಪ್ಪವೂ ನಾಟಿ ಹಸುವಿನದು."

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳಿಗೆ ಒಬ್ಬಟ್ಟು ಗಂಟಲಲ್ಲೇ ನಿಂತಿತು. ಬಾಣಂತಿ ಇರುವ ಮನೆಯಲ್ಲಿ ಜಗಳ ಬೇಡವೆಂದು ಸುಮ್ಮನಿದ್ದೆ. ಇಲ್ಲಿ ಸುಮ್ಮನಿರಲಾರೆ.

ನೂರು ಗ್ರಾಂ ಸಕ್ಕರೆಯಲ್ಲಿ ಸುಮಾರು 400 ಕ್ಯಾಲೊರಿ. ಬೆಲ್ಲದಲ್ಲಿ ಅದಕ್ಕಿಂತ ತುಸು ಕಡಿಮೆ, ಅಷ್ಟೆ. ಎರಡೂ ಒಂದೇ ಕಬ್ಬಿನ ಮಕ್ಕಳು. ಒಂದು ಕಾರ್ಖಾನೆಗೆ ಹೋಯಿತು, ಇನ್ನೊಂದು ಆಲೆಮನೆಯಲ್ಲಿ ಉಳಿಯಿತು. ತುಪ್ಪಕ್ಕೆ ಗ್ರಾಂಗೆ 9 ಕ್ಯಾಲೊರಿ. ಹಸು ನಾಟಿಯೋ ಸೀಮೆಯೋ ಎಂದು ಸೊಂಟ ವಿಚಾರಿಸುವುದಿಲ್ಲ.

ಸಿರಿಧಾನ್ಯದ ಕಥೆಯೂ ಇದೇ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವಾಗಿ ಆಚರಿಸಿದ ಮೇಲಂತೂ ರಾಗಿ ಬಿಸ್ಕತ್ತು, ನವಣೆ ಚಕ್ಕುಲಿ, ಸಜ್ಜೆ ಲಾಡು, ಎಲ್ಲದರ ಪೊಟ್ಟಣದ ಮೇಲೂ ಒಬ್ಬಳು ಸಪೂರ ಹುಡುಗಿ. ನಾನು ಮುದ್ದೆಯ ಮೇಲೆಯೇ ಬೆಳೆದವಳು, ನಿಮಗೆಲ್ಲ ಗೊತ್ತು. ರಾಗಿಯ ಮೇಲೆ ನನಗೆ ಹಗೆಯಿಲ್ಲ. ಆದರೆ ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ, ಅಷ್ಟೇ ತೂಕದ ಅಕ್ಕಿಯಲ್ಲಿ ಸುಮಾರು 350. ಈ ಮೂವತ್ತರ ವ್ಯತ್ಯಾಸ ಒಂದು ಚಮಚ ಎಣ್ಣೆಗೂ ಸಾಲದು. ನಮ್ಮ ತಾತ ಎರಡು ಮುದ್ದೆ ನುಂಗಿಯೂ ಕಡ್ಡಿಯಂತಿದ್ದರು ಎಂದು ಎಲ್ಲರೂ ಹೇಳುತ್ತಾರೆ. ಆ ಮುದ್ದೆ ಇಳಿಸಿ ಅವರು ಮಧ್ಯಾಹ್ನದವರೆಗೆ ನೇಗಿಲು ಹಿಡಿಯುತ್ತಿದ್ದರು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ರಾಗಿಯಲ್ಲಿ ನಾರು ಹೆಚ್ಚು, ಸುಣ್ಣದಂಶ ಹೆಚ್ಚು, ಹೊಟ್ಟೆ ಬೇಗ ತುಂಬುತ್ತದೆ ಎಂದು ಈಗ ಯಾರಾದರೂ ಬರೆಯುತ್ತೀರಿ. ನಿಜ. ನೂರು ಗ್ರಾಂಗೆ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ. ಅಕ್ಕಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಮೂಳೆಗೆ ಬಹಳ ಒಳ್ಳೆಯದು. ಆದರೆ ಹೊಟ್ಟೆ ತುಂಬಿದ ಮೇಲೂ "ಇನ್ನೊಂದು ಅರ್ಧ ಹಾಕಿಸಿಕೋ" ಎನ್ನುವ ಮನೆಯಲ್ಲಿ ನಾರು ಪಾಪ ಏನು ಮಾಡೀತು?

ಇದಕ್ಕೂ ಮೊದಲು ಇದೇ ಒಬ್ಬಟ್ಟಿನ ಮಹಾಶಯ ಕೀಟೊ ಎಂಬ ವ್ರತ ಹಿಡಿದಿದ್ದ: ಅನ್ನ, ರೊಟ್ಟಿ, ಸಿಹಿ ಹೆಚ್ಚುಕಡಿಮೆ ಬಂದ್, ಬಹುಪಾಲು ಕೊಬ್ಬೇ ಊಟ. 1920ರ ದಶಕದಲ್ಲಿ ಮೂರ್ಛೆರೋಗಕ್ಕೆಂದು ವೈದ್ಯರು ರೂಪಿಸಿದ ಪಥ್ಯ ಅದು. ಮೊದಲ ವಾರವೇ ಮೂರು ಕಿಲೊ ಇಳಿಯಿತೆಂದು ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ತಮಟೆ ಬಾರಿಸಿದ. ಪಿಷ್ಟ, ಸಕ್ಕರೆಗಳಿಂದ ದೇಹ ಕೂಡಿಟ್ಟುಕೊಂಡ ದಾಸ್ತಾನು ಗ್ಲೈಕೋಜನ್. ಅದು ಪ್ರತಿ ಗ್ರಾಂಗೆ ಮೂರು ಗ್ರಾಂನಷ್ಟು ನೀರನ್ನು ಹಿಡಿದಿಟ್ಟಿರುತ್ತದೆ. ಅನ್ನ ನಿಂತರೆ ಆ ದಾಸ್ತಾನು ಕರಗುತ್ತದೆ. ಮೊದಲು ಹೊರಟದ್ದು ಬಹುಪಾಲು ಆ ನೀರು. ಹಬ್ಬದ ವಾರ ಅದು ಮರಳಿ ಬಂತು. ತಮಟೆ ಮಾತ್ರ ಬಾರಿಸಲಿಲ್ಲ.

ಇಷ್ಟೆಲ್ಲ ಆಡುವ ನಾನು ಸಾಚಾ ಅಲ್ಲ. ನಿವೃತ್ತಿಯ ಮೊದಲ ವರ್ಷವೇ ಐದು ಕಿಲೊ ಏರಿದ್ದೆ. ಕಾಫಿಗೆ ಬೆಲ್ಲ ಹಾಕಿದೆ, ರಾತ್ರಿ ಅನ್ನದ ಬದಲು ಚಪಾತಿ ಮಾಡಿದೆ. ಏರುತ್ತಲೇ ಹೋಯಿತು. ಒಂದು ದಿನ ದಿನಸಿ ಚೀಟಿ ಬರೆಯುವಾಗ ತಲೆಗೆ ಹೊಳೆಯಿತು: ಇಬ್ಬರೇ ಇರುವ ಮನೆಗೆ ತಿಂಗಳಿಗೆ ಮೂರು ಲೀಟರ್ ಎಣ್ಣೆ! ಲೆಕ್ಕ ಹಾಕಿದೆ. ತಲೆಗೆ ದಿನಕ್ಕೆ 45 ಗ್ರಾಂ, ಅಂದರೆ ಹತ್ತಿರಹತ್ತಿರ 400 ಕ್ಯಾಲೊರಿ. ನೂರು ಗ್ರಾಂ ಹಿಟ್ಟಿನ ಒಂದು ಮುದ್ದೆಯನ್ನು ಮೀರಿಸಿದ ಎಣ್ಣೆ ಒಗ್ಗರಣೆಯ ವೇಷದಲ್ಲಿ ದಿನವೂ ಒಳಗೆ ಹೋಗುತ್ತಿತ್ತು, ಮತ್ತು ನಾನು ಅನ್ನದ ಮೇಲೆ ಹಲ್ಲು ಮಸೆಯುತ್ತಿದ್ದೆ.

ಇನ್ನೊಂದು ಕಳ್ಳತನವಿದೆ, ಹೆಂಗಸರಿಗೆ ಗೊತ್ತಿರುತ್ತದೆ. ರಾತ್ರಿ ಪಾತ್ರೆ ಖಾಲಿ ಮಾಡುವ ಹೊತ್ತು. ಒಂದು ಹಿಡಿ ಅನ್ನ, ತಳದ ಪಲ್ಯ, ಯಾರೋ ಬಿಟ್ಟ ಅರ್ಧ ದೋಸೆ. ಎಸೆಯಲು ಮನಸ್ಸಿಲ್ಲ, ಫ್ರಿಜ್ಜಿನಲ್ಲಿಡುವಷ್ಟಿಲ್ಲ. ನಿಂತೇ ತಿಂದರೆ ಅದು ಊಟವಲ್ಲ ಎಂದು ನನಗೆ ಯಾರು ಕಲಿಸಿದರೋ.

ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ ಅಕ್ಕಿ, ಗೋಧಿ, ರಾಗಿಯಂಥ ಧಾನ್ಯದಿಂದ ಬರುವ ಶಕ್ತಿ ದಿನದ ಒಟ್ಟಿನ 45 ಶೇಕಡಾ ಮೀರಬಾರದು ಎನ್ನುತ್ತದೆ. ಯಾವ ಧಾನ್ಯವಾದರೂ ಲೆಕ್ಕ ಒಂದೇ. ಹಾಗಾಗಿ ನಮ್ಮ ಮನೆಯಲ್ಲಿ ಅನ್ನವೂ ಉಂಟು, ಮುದ್ದೆಯೂ ಉಂಟು, ಎರಡೂ ಮೊದಲಿನ ಅರ್ಧ. ಆ ಜಾಗಕ್ಕೆ ಹುರುಳಿಕಾಳಿನ ಸಾರು, ಸೊಪ್ಪು, ಮೊಸರು. ಎಣ್ಣೆ ತಿಂಗಳಿಗೆ ಒಂದೂವರೆ ಲೀಟರ್, ಮುಗಿದರೆ ಮುಗಿಯಿತು. ಎಂಟು ತಿಂಗಳಲ್ಲಿ ನಾಲ್ಕು ಕಿಲೊ ಇಳಿದಿದ್ದೇನೆ. ತಮಟೆ ಬಾರಿಸುವ ವೇಗವಲ್ಲ, ಗೊತ್ತು.

ಹೊರಡುವಾಗ ತಂಗಿ ಆರು ಒಬ್ಬಟ್ಟು ಕಟ್ಟಿಕೊಟ್ಟಳು. ನಾಲ್ಕು ಯಜಮಾನರಿಗೆ ಹೋದವು ಎಂದು ಇಟ್ಟುಕೊಳ್ಳಿ. ಉಳಿದ ಎರಡು ತಣ್ಣಗಾಗಿ ಕೂತಿವೆ. ಕಾವಲಿಯ ಮೇಲೆ ತುಪ್ಪವಿಲ್ಲದೆ, ಒಣಗಿ ಹಪ್ಪಳವಾಗದಂತೆ ಬಿಸಿ ಮಾಡುವ ಉಪಾಯ ಯಾರಿಗಾದರೂ ಗೊತ್ತಿದ್ದರೆ ಬೇಗ ಹೇಳಿ.