ಕಾಕಾನ ಬಾಕಿ: 150 ರೂಪಾಯಿ 88 ಪೈಸೆ

ಆಷಾಢ ಏಕಾದಶಿಯ ಗದ್ದಲ ಇಳಿದ ಮೇಲೆ ಪಂಢರಪುರಕ್ಕೆ ಹೋಗಿ ಬರೋಣ ಅಂತ ಕಾಕಾ ಹೊರಟರು. ಜೊತೆಗೆ ಚಿಗವ್ವ, ಬುತ್ತಿಗಂಟು ಹೊರಲು ನಾನು. ಗೋಲಗುಂಬಜ್ ಎಕ್ಸ್‌ಪ್ರೆಸ್ಸಿಗೆ ಮೊದಲೇ ರಿಸರ್ವೇಶನ್ ಮಾಡಿಸಿದ್ದೆ. ಟಿಕೆಟ್ ಕೈಗೆ ಕೊಟ್ಟದ್ದೇ ತಪ್ಪಾಯಿತು. ಕಾಕಾ ಮೂವತ್ತು ವರ್ಷ ಕೃಷಿ ಪತ್ತಿನ ಸಂಘದ ಸೆಕ್ರೆಟರಿಯಾಗಿದ್ದವರು. ಕಾಗದದ ಮೇಲೆ ಸಣ್ಣಕ್ಷರ ಕಂಡರೆ ಸಾಕು, ಚಾಳೀಸು ಮೂಗಿಗೆ ಬಂದು ಕೂರುತ್ತದೆ.

"ಇದೇನೋ ತಮ್ಮಾ?"

ನೋಡಿದೆ. ಪ್ರಯಾಣಕ್ಕೆ ತಗಲುವ ಖರ್ಚಿನಲ್ಲಿ ರೈಲ್ವೆ ಸರಾಸರಿ ಶೇ. 57ರಷ್ಟನ್ನು ಮಾತ್ರ ವಸೂಲು ಮಾಡುತ್ತದೆ ಎಂಬ ವಾಕ್ಯ. 2016ರಿಂದ ಟಿಕೆಟ್ಟಿನ ಮೇಲೆ ಮುದ್ರಿಸುತ್ತ ಬಂದಿದ್ದಾರೆ. ನನ್ನಂಥವರು ಅದನ್ನು ಓದುವುದಿಲ್ಲ, ಓದಿದರೂ ನಾಚುವುದಿಲ್ಲ.

ಕಾಕಾನ ಮುಖ ಸಣ್ಣಗಾಯಿತು. "ವಸೂಲಿ ಅಂತ ಬರದಾರಲ್ಲೋ. ಜೀವಮಾನ ಎಲ್ಲಾ ಮಂದಿ ಮನಿ ಬಾಗಲಕ ಹೋಗಿ ವಸೂಲಿ ಮಾಡಿದಾಂವ ನಾನು. ಈಗ ನಾನ ಸುಸ್ತಿದಾರ ಆದ್ನಿ?"

ಕ್ಯಾಲೆಂಡರಿನ ಹಾಳೆ ಹಿಂದೆ ಲೆಕ್ಕ ಶುರುವಾಯಿತು. ಟಿಕೆಟ್ 200 ರೂಪಾಯಿ ಅಂತ ಹಿಡಿ. ಅದು ಶೇ. 57 ಆದರೆ ಪೂರಾ ಖರ್ಚು 350 ರೂಪಾಯಿ 88 ಪೈಸೆ. ಕೊಟ್ಟದ್ದು ಕಳೆದರೆ ಬಾಕಿ 150 ರೂಪಾಯಿ 88 ಪೈಸೆ. ಆಮೇಲೆ ಏನೋ ನೆನಪಾಗಿ ಮುಖ ತುಸು ಅರಳಿತು. ಅರವತ್ತು ದಾಟಿದ ಗಂಡಸರಿಗೆ ಶೇ. 40 ರಿಯಾಯಿತಿ ಇತ್ತಲ್ಲ, ಅದನ್ನು 2020ರ ಮಾರ್ಚಿನಲ್ಲಿ ಕೊರೊನಾ ನೆಪದಲ್ಲಿ ನಿಲ್ಲಿಸಿದರು. ಕೊರೊನಾ ಹೋಯಿತು, ರಿಯಾಯಿತಿ ಬರಲಿಲ್ಲ. "ಅದು ಇದ್ದಿದ್ರ ನಾ 120 ಕೊಡ್ತಿದ್ನಿ, ಬಾಕಿ 230 ಆಗ್ತಿತ್ತು. ತಗದು ನನ್ನ ಸಾಲ ಕಡಿಮಿ ಮಾಡ್ಯಾರ, ಪುಣ್ಯಾತ್ಮರು!"

ಅಷ್ಟಕ್ಕೇ ನಿಲ್ಲಲಿಲ್ಲ. ಸ್ಟೇಷನ್ನಿಗೆ ಹೋದವರೇ ಕೌಂಟರಿನ ಕಿಂಡಿಯಲ್ಲಿ 151 ರೂಪಾಯಿ ತೂರಿಸಿದರು.

"ಯಾವ ಊರಿಗ್ರೀ ಅಜ್ಜಾರ?"

"ಊರಿಗಲ್ಲಪಾ, ಬಾಕಿ. ಹನ್ನೆರಡು ಪೈಸಾ ನೀನ ಇಟ್ಕೋ."

ಹುಡುಗ ಒಳ್ಳೆಯವನು. ಟಿಕೆಟ್ ನೋಡಿದ, ಕಾಕಾನ ಲೆಕ್ಕದ ಹಾಳೆ ನೋಡಿದ, ರೊಕ್ಕ ಮರಳಿ ಸರಿಸಿದ. "ಹಂಗ ತಗೊಳ್ಳಾಕ ಬರೂದಿಲ್ರಿ. ಕಂಪ್ಯೂಟರಿನ್ಯಾಗ ಆ ಕಾಲಮ್ಮ ಇಲ್ಲ."

"ಮತ್ತ ಎದಕ್ಕ ಬರದೀರಿ?"

"ಸುಮ್ನ ತಿಳಸಾಕ್ರಿ."

ಚಿಗವ್ವ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಅವಳ ಪರ್ಸಿನಲ್ಲಿ ಮೊನ್ನೆ ಮುಧೋಳಕ್ಕೆ ಹೋಗಿ ಬಂದ ಬಸ್ಸಿನ ಸೊನ್ನೆ ರೂಪಾಯಿ ಟಿಕೆಟ್ ಇನ್ನೂ ಇತ್ತು. 2023ರ ಜೂನಿನಿಂದ ಅವಳು ಒಂದು ಪೈಸೆ ಕೊಡದೆ ಓಡಾಡುತ್ತಿದ್ದಾಳೆ, ಆ ಟಿಕೆಟ್ಟೂ ಇಷ್ಟು ಮೂದಲಿಸಿಲ್ಲ. ಪೂರ್ತಿ ಪುಕ್ಕಟೆ ಹೋದವರಿಗೆ ಮರ್ಯಾದೆ, ರೊಕ್ಕ ಕೊಟ್ಟು ಹೋದವರಿಗೆ ಹಂಗು.

ಗಾಡಿ ಬರುವವರೆಗೆ ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಕೂತು ಕಾಕಾನನ್ನು ಸಮಾಧಾನ ಮಾಡಬೇಕಾಯಿತು. ಈ 'ಗ್ಯಾರಂಟಿ'ಗಳಿಂದ ದೇಶ ದಿವಾಳಿಯಾಯಿತು ಅಂತ ಅವರು ದಿನಾ ಕಟ್ಟೆಯ ಮೇಲೆ ಭಾಷಣ ಮಾಡುತ್ತಾರೆ. ಹೀಗಾಗಿ ಮೊದಲ ಗ್ಯಾರಂಟಿಯ ಕಥೆಯನ್ನೇ ತೆಗೆದೆ.

ಗ್ಯಾರಂಟಿ ಎಂಬುದು ಬೆಂಗಳೂರಿನಲ್ಲಿ 2023ರಲ್ಲಿ ಹುಟ್ಟಿದ್ದಲ್ಲ, ಕಾಕಾ. ಅದು ಲಂಡನ್ನಿನಲ್ಲಿ 1849ರಲ್ಲಿ ಹುಟ್ಟಿದ್ದು. ಈಸ್ಟ್ ಇಂಡಿಯನ್ ರೈಲ್ವೆ ಮತ್ತು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಎಂಬ ಎರಡು ಕಂಪನಿಗಳ ಜೊತೆ ಈಸ್ಟ್ ಇಂಡಿಯಾ ಕಂಪನಿ ಕರಾರು ಬರೆಯಿತು. ಜಾಗ ಪುಕ್ಕಟೆ, ಅದೂ 99 ವರ್ಷಕ್ಕೆ. ಹಾಕಿದ ಬಂಡವಾಳಕ್ಕೆ ವರ್ಷಕ್ಕೆ ಶೇ. 5 ಬಡ್ಡಿ ಗ್ಯಾರಂಟಿ. ರೈಲು ಅಷ್ಟು ದುಡಿಯದಿದ್ದರೆ ಕೊರತೆ ತುಂಬುವುದು ಹಿಂದುಸ್ಥಾನದ ಖಜಾನೆ, ಅಂದರೆ ನಿಮ್ಮ ಮುತ್ತಜ್ಜ ಕಟ್ಟಿದ ಕಂದಾಯ. ಶೇ. 5 ದಾಟಿ ಲಾಭ ಬಂದರೆ? ಆಗ ಅರ್ಧರ್ಧ ಹಂಚಿಕೆ. ನಷ್ಟ ಪೂರಾ ನಮ್ಮದು, ಲಾಭದಲ್ಲಿ ಅವರಿಗೂ ಪಾಲು.

ಕಾಕಾ ತಡೆದರು. "ಜಾಮೀನದಾರನ ಕಡೆ ವಸೂಲಿ ಮಾಡೂದು ಗೊತ್ತೈತಿ. ಜಾಮೀನದಾರಗ ಹೇಳದ ಕೇಳದ ಜಾಮೀನ ಹಾಕ್ಯಾರೇನು?"

ಹಂಗ ಆಗೇತ್ರಿ.

ಬಡ್ಡಿ ಗ್ಯಾರಂಟಿ ಇದ್ದ ಮೇಲೆ ಖರ್ಚಿಗೆ ಕಡಿವಾಣ ಯಾರು ಹಾಕುತ್ತಾರೆ? ಖರ್ಚು ಹೆಚ್ಚಿದಷ್ಟೂ ಬಂಡವಾಳ ಹೆಚ್ಚು, ಬಂಡವಾಳ ಹೆಚ್ಚಿದಷ್ಟೂ ಬಡ್ಡಿ ಹೆಚ್ಚು. ಇಲ್ಲಿ ಹಣಕಾಸು ಖಾತೆ ನೋಡಿಕೊಂಡಿದ್ದ ವಿಲಿಯಂ ಮ್ಯಾಸಿ 1872ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿ ಮುಂದೆ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟ. ಹಣ ಹಾಕಿದ ಇಂಗ್ಲಿಷ್ ಸಾಹುಕಾರನಿಗೆ ಶೇ. 5 ಸಿಕ್ಕರಾಯಿತು, ಆ ಹಣವನ್ನು ಹೂಗ್ಲಿ ನದಿಗೆ ಎಸೆದರೂ ಒಂದೇ, ಇಟ್ಟಿಗೆ ಗಾರೆಗೆ ಹಾಕಿದರೂ ಒಂದೇ ಎಂಬುದು ಅವನ ಮಾತಿನ ಸಾರ. ಹೀಗೆ ಸುಮಾರು ಅರ್ಧ ಶತಮಾನ ಹಿಂದುಸ್ಥಾನದ ಖಜಾನೆ ರೈಲಿಗೆ ತುಂಬುತ್ತಲೇ ಇತ್ತು. ಸರ್ಕಾರಕ್ಕೆ ರೈಲಿನಿಂದ ನಿವ್ವಳ ಲಾಭದ ಮುಖ ಕಂಡದ್ದು 1900ರ ಸುಮಾರಿಗೆ.

"ನಮ್ಮ ಘಟಪ್ರಭಾದಾಗ ಒಗದಿದ್ರ ಮೊಸಳಿಗಾದ್ರೂ ಸಿಗ್ತಿತ್ತು," ಅಂದರು ಕಾಕಾ.

ಅವರನ್ನು ಕೆಣಕಲು ಕೇಳಿದೆ: ಲಂಡನ್ನಿನ ಆ ಷೇರುಪತ್ರದ ಮೇಲೆ "ನಿಮ್ಮ ಬಡ್ಡಿಯ ಇಷ್ಟು ಪಾಲನ್ನು ಕಲಾದಗಿ ಜಿಲ್ಲೆಯ ರೈತ ಕಟ್ಟುತ್ತಾನೆ" ಅಂತ ಮುದ್ರಿಸಿದ್ದರೇನು? ಸುಮ್ಮನೆ ತಿಳಿಸಲಿಕ್ಕಾದರೂ?

ಕಲಾದಗಿ ಅಂದೆನಲ್ಲ. ಆಗ ಜಿಲ್ಲೆ ಇದ್ದದ್ದೇ ಆ ಹೆಸರಲ್ಲಿ. ಬಾಗಲಕೋಟೆ, ವಿಜಯಪುರ ಎಲ್ಲ ಅದರೊಳಗೆ. 1876–78ರ ಬರ ಈ ಸೀಮೆಯ ಬೆನ್ನು ಮುರಿಯಿತು. ಆಮೇಲೆ ಕ್ಷಾಮ ಆಯೋಗ 1880ರಲ್ಲಿ ವರದಿ ಕೊಟ್ಟು ರೈಲು ಹೆಚ್ಚಬೇಕು ಅಂದಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1884ಕ್ಕೆ ಗದಗ–ಹೋಟಗಿ ಮಾರ್ಗದಲ್ಲಿ ಗಾಡಿ ಓಡಿತು. ನಾವು ಈಗ ಕೂತು ಕಾಯುತ್ತಿರುವುದು ಅದೇ ಮಾರ್ಗದಲ್ಲಿ. ರೊಕ್ಕ ಉಳಿಸಲು ಮೀಟರ್ ಗೇಜ್, ಅಂದರೆ ಕಿರಿದಾದ ಹಳಿ ಹಾಕಿದರು. ಸೊಲ್ಲಾಪುರದ ಕಡೆ ಅಗಲವಾದ ಬ್ರಾಡ್ ಗೇಜ್. ಗದಗಿನ ಹತ್ತಿ ಹೋಟಗಿಯಲ್ಲಿ ಒಂದು ಗಾಡಿಯಿಂದ ಇಳಿದು ಇನ್ನೊಂದು ಗಾಡಿ ಹತ್ತಬೇಕು. ಹಮಾಲರಿಗೆ ಕೆಲಸ ಸಿಕ್ಕಿತು ಅನ್ನಿ. ಉಳಿಸಿದ ಆ ರೊಕ್ಕಕ್ಕೆ ನೂರಕ್ಕೂ ಹೆಚ್ಚು ವರ್ಷದ ನಂತರ ಗೇಜ್ ಪರಿವರ್ತನೆ ಮಾಡಿ ದಂಡ ಕಟ್ಟಿದೆವು.

ಇಲ್ಲಿ ಕಾಕಾ ಎಲ್ಲರೂ ಹೇಳುವ ಮಾತನ್ನೇ ಹೇಳಿದರು: "ಏನ ಅನ್ನು, ಬ್ರಿಟಿಷರು ಕೆಲಸ ಮಾಡ್ತಿದ್ರು ನೋಡು. ನಾಕ ವರ್ಷದಾಗ ಹೋಟಗಿ ತನಕಾ ಹಳಿ!"

ನಿಜ. ಆದರೆ ಹಳಿ ಮೇಲೆ ಓಡುವುದು ಯಾರ ಬಡ್ಡಿ ಅಂತ ಖಾತ್ರಿ ಇದ್ದಾಗ ಕೆಲಸ ಚುರುಕಾಗುತ್ತದೆ. ಖಾತ್ರಿ ಇಲ್ಲದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ಬಾಗಲಕೋಟೆ–ಕುಡಚಿ ಮಾರ್ಗವಿದೆ. 142 ಕಿಲೋಮೀಟರ್. 2010–11ರಲ್ಲಿ ಮಂಜೂರಿ. ರಾಜ್ಯ ಅರ್ಧ ಖರ್ಚು ಕೊಡಬೇಕು, ಜಾಗವನ್ನು ಪುಕ್ಕಟೆ ಕೊಡಬೇಕು. ಪುಕ್ಕಟೆ ಜಾಗದ ಕರಾರು ಮಾತ್ರ 1849ರಿಂದ ಕೂದಲಷ್ಟೂ ಕೊಂಕಿಲ್ಲ ನೋಡಿ! ಹಳಿ ಖಜ್ಜಿಡೋಣಿ, ಲೋಕಾಪುರ ಅಂತ ತೆವಳುತ್ತಿದೆ. ಮುಧೋಳ, ಜಮಖಂಡಿ, ತೇರದಾಳ ಅಂತ ಮುಂದಿನ ಊರುಗಳನ್ನು ಚುನಾವಣೆ ಬಂದಾಗ ಭಾಷಣದಲ್ಲಿ ಬಲು ವೇಗದಿಂದ ದಾಟುತ್ತಾರೆ.

ಮೊದಲಾದರೆ ರೈಲ್ವೆ ಬಜೆಟ್ ಅಂತ ಒಂದು ಹಬ್ಬವಿತ್ತು. ಆಕ್‌ವರ್ತ್ ಸಮಿತಿಯ ಸಲಹೆಯ ಮೇಲೆ 1924ರಲ್ಲಿ ರೈಲ್ವೆ ಲೆಕ್ಕವನ್ನು ಸರ್ಕಾರದ ಲೆಕ್ಕದಿಂದ ಬೇರೆ ಮಾಡಿದ್ದರು. ಕಾರಣ ಸರಳ: ಬರ ಬಂದರೆ, ಯುದ್ಧ ಬಂದರೆ ಸರ್ಕಾರ ರೈಲಿನ ಜೇಬಿಗೆ ಕೈ ಹಾಕಬಾರದು, ರೈಲೂ ವ್ಯಾಪಾರಿಯ ಹಾಗೆ ನಡೆಯಬೇಕು. ರೈಲ್ವೆ ಬಜೆಟ್ಟಿನ ದಿನ ಕಾಕಾನ ಸಂಘದಲ್ಲಿ ಕೆಲಸ ಬಂದ್, ರೇಡಿಯೋ ಚಾಲೂ. ನಮ್ಮೂರ ಹೆಸರು ಬಂತೇ? ಬಂದರೆ ಗಿರ್ಮಿಟ್ ಪಾರ್ಟಿ. 2017ರಲ್ಲಿ ಆ ಹಬ್ಬ ನಿಂತಿತು, ಎರಡೂ ಬಜೆಟ್ ಮತ್ತೆ ಒಂದಾದವು. ಈಗ ನಮ್ಮ ಮಾರ್ಗಕ್ಕೆ ಎಷ್ಟು ಬಂತು ಅಂತ ತಿಳಿಯಬೇಕಾದರೆ ಪಿಂಕ್ ಬುಕ್ ಎಂಬ ಪುಸ್ತಕದಲ್ಲಿ ಹುಡುಕಬೇಕು. ಅದರಲ್ಲಿ ಕೆಲವು ಯೋಜನೆಗಳ ಎದುರು ಸಾಂಕೇತಿಕವಾಗಿ 1,000 ರೂಪಾಯಿ ಇಡುವ ಪದ್ಧತಿಯೂ ಉಂಟು. ನಮ್ಮ ಕಡೆ ಮದುವೆಯಲ್ಲಿ ಅಷ್ಟು ಮುಯ್ಯಿ ಮಾಡಿದರೆ ಹೋಳಿಗೆ ಊಟಕ್ಕೆ ಸಾಲುತ್ತದೆ. ರೈಲ್ವೆ ಮಾರ್ಗಕ್ಕೆ ಹಳಿಯಡಿ ಹಾಕುವ ಸ್ಲೀಪರ್ ಎಷ್ಟು ಬರುತ್ತವೋ ವಿಠ್ಠಲನೇ ಬಲ್ಲ.

ದರ ನಿಗದಿಯ ಬಗ್ಗೆ ಹೇಳದಿದ್ದರೇ ವಾಸಿ. ಗಾಡಿ ಓಡಿಸುವವರೂ ಅವರೇ, ದರ ಗೊತ್ತು ಮಾಡುವವರೂ ಅವರೇ. ಸಲಹೆ ಕೊಡಲು ಒಂದು ಪ್ರಾಧಿಕಾರ ಬೇಕೆಂದು 2017ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತ್ತು. ಆ ಸುದ್ದಿಯನ್ನು ಕತ್ತರಿಸಿ ಇಟ್ಟಿದ್ದೆ, ಕಾಗದ ಹಳದಿಯಾಗಿದೆ. ನೇರವಾಗಿ ದರ ಏರಿಸುವ ಧೈರ್ಯ ಮಂತ್ರಿಗಳಿಗೆ ಅಪರೂಪ. ಆದ್ದರಿಂದ ದರ ಏರಿಸದೆ ಗಾಡಿಯ ಹೆಸರು ಬದಲಿಸಿದರು. ಕೊರೊನಾ ನಂತರ ನಮ್ಮ ಪ್ಯಾಸೆಂಜರ್ ಗಾಡಿಗಳು 'ಎಕ್ಸ್‌ಪ್ರೆಸ್ ಸ್ಪೆಷಲ್' ಆಗಿ ಮರಳಿದವು. ಅದೇ ಬೋಗಿ, ಅದೇ ಹಳ್ಳಿ ಹಳ್ಳಿಯಲ್ಲಿ ನಿಲುಗಡೆ, ನಂಬರಿನ ಮುಂದೆ ಒಂದು ಸೊನ್ನೆ. 10 ರೂಪಾಯಿ ಇದ್ದ ಕನಿಷ್ಠ ದರ 30 ಆಯಿತು. ಎಮ್ಮೆಗೆ ಕುದುರೆ ಅಂತ ನಾಮಕರಣ ಮಾಡಿ ಲಾಯದ ಬಾಡಿಗೆ ಕೇಳಿದ ಹಾಗೆ. 2024ರ ಫೆಬ್ರವರಿಯಲ್ಲಿ ಮತ್ತೆ 10 ರೂಪಾಯಿ ಆಯಿತು. ನಡುವೆ ಹೆಚ್ಚಿಗೆ ಕೊಟ್ಟ 20 ರೂಪಾಯಿಗಳನ್ನು ಯಾವ ಟಿಕೆಟ್ಟೂ ನೆನಪಿಸುವುದಿಲ್ಲ.

ಇಷ್ಟೆಲ್ಲ ಮಾಡಿಯೂ 2021–22ರಲ್ಲಿ ರೈಲ್ವೆ 100 ರೂಪಾಯಿ ದುಡಿಯಲು 107 ರೂಪಾಯಿ 39 ಪೈಸೆ ಖರ್ಚು ಮಾಡಿತ್ತು. "ನಮ್ಮ ಸಂಘದಾಗ ಹಿಂಗ ಬರದಿದ್ರ ಎ.ಆರ್. ಸಾಹೇಬ ನಿಂತ ನಿಲುವಿನ್ಯಾಗ ಸೂಪರ್‌ಸೀಡ್ ಮಾಡ್ತಿದ್ದ," ಅಂದರು ಕಾಕಾ, ತುಸು ಅಸೂಯೆಯಿಂದ. ಎ.ಆರ್. ಅಂದರೆ ಸಹಕಾರ ಸಂಘಗಳ ಸಹಾಯಕ ನಿಬಂಧಕ.

ಗಾಡಿ ಬಂತು. ಕೃಷ್ಣೆ ದಾಟಿತು. ಚಿಗವ್ವ ನದಿಗೆ ಎರಡು ರೂಪಾಯಿ ನಾಣ್ಯ ಎಸೆದು ಕೈಮುಗಿದಳು. ಅದಕ್ಕೂ ಗ್ಯಾರಂಟಿ ಇಲ್ಲ. ಕಿಟಕಿಯಾಚೆ ಕೂಡಗಿಯ ಕರೆಂಟು ಸ್ಥಾವರದ ಚಿಮಣಿಗಳು ಬಹಳ ಹೊತ್ತು ಜೊತೆಗೆ ಬಂದವು. ವಿಜಯಪುರಕ್ಕೆ ಎರಡು ಸ್ಟೇಷನ್ ಇರುವಾಗ ಗಾಡಿ ನಿಂತಿತು. ಪಕ್ಕದ ಹಳಿಯ ಮೇಲೆ ಎದುರಿನಿಂದ ಕಲ್ಲಿದ್ದಲು ತುಂಬಿದ ಗೂಡ್ಸ್ ಗಾಡಿ ಹೊರಟಿತ್ತು. ಕಾಕಾ ಬೆರಳು ಮಡಚುತ್ತ ಡಬ್ಬಿ ಎಣಿಸತೊಡಗಿದರು. ಕಪ್ಪು ಧೂಳು ಬುತ್ತಿಯ ಖಡಕ್ ರೊಟ್ಟಿ ಮೇಲೂ ಕೂತಿತು.

"ನಿಮ್ಮ ಬಾಕಿ ಹೋಗ್ತಾ ಐತಿ ನೋಡ್ರಿ ಕಾಕಾ," ಅಂದೆ.

"ಅಂದ್ರ?"

ಪ್ಯಾಸೆಂಜರ್ ಗಾಡಿಯ ಕೊರತೆಯನ್ನು ರೈಲ್ವೆ ತುಂಬಿಕೊಳ್ಳುವುದು ಗೂಡ್ಸ್ ಬಾಡಿಗೆಯಿಂದ. ಅದರಲ್ಲಿ ದೊಡ್ಡ ಪಾಲು ಕಲ್ಲಿದ್ದಲಿನದು. ಬಾಡಿಗೆ ಹೆಚ್ಚಾದರೆ ಕೂಡಗಿಯಲ್ಲಿ ಕರೆಂಟು ತುಟ್ಟಿ. ಆ ಕರೆಂಟಿನಲ್ಲಿ ನಮ್ಮ ರಾಜ್ಯಕ್ಕೂ ಪಾಲು. ಅದು ಮನೆಗೆ ಬರುವ ಹೆಸ್ಕಾಂ ಕರೆಂಟು ಬಿಲ್ಲಿನಲ್ಲಿ ಸೇರುತ್ತದೆ. ಟಿಕೆಟ್ಟಿನಲ್ಲಿ ಬಿಟ್ಟದ್ದನ್ನು ಮೀಟರಿನಲ್ಲಿ ಹಿಡಿಯುತ್ತಾರೆ.

ಕಾಕಾ ಎದ್ದು ಕೂತರು. "ಅಂದ್ರ ನಾ ಕಟ್ಟೇನಿ?"

"ಎಲ್ಲಿ ಕಟ್ಟೀರಿ?" ಚಿಗವ್ವ ನಡುವೆ ಬಾಯಿ ಹಾಕಿದಳು. "ಎರಡು ವರ್ಷ ಆತು ಮನಿಗೆ ಲೈಟ್ ಬಿಲ್ ಸೊನ್ನಿ ಬರಾಕತ್ತೇತಿ. ಗೃಹಜ್ಯೋತಿ!"

ಡಬ್ಬಿಯ ಲೆಕ್ಕ ತಪ್ಪಿತು. ಕಾಕಾ ಕಿಟಕಿಯ ಕಡೆ ಮುಖ ಮಾಡಿ ಬಹಳ ಹೊತ್ತು ತುಟಿ ಅಲುಗಿಸುತ್ತ ಕೂತರು. ಗೃಹಜ್ಯೋತಿಯ ರೊಕ್ಕ ಕೊಡುವುದು ರಾಜ್ಯ. ಕುಡಚಿ ಮಾರ್ಗದ ಅರ್ಧ ಕೊಡಬೇಕಾದದ್ದೂ ಅದೇ ರಾಜ್ಯ. ರಾಜ್ಯಕ್ಕೆ ರೊಕ್ಕ ಬರುವುದು ಅವರ ಮೋಟಾರು ಸೈಕಲ್ಲಿನ ಪೆಟ್ರೋಲಿನಿಂದ. ಕುಡಚಿ ರೈಲು ಇಲ್ಲದ್ದರಿಂದ ಮುಧೋಳಕ್ಕೆ ಅವರು ಹೋಗುವುದು ಆ ಮೋಟಾರು ಸೈಕಲ್ಲಿನ ಮೇಲೆ.

ಕೊನೆಗೆ ಜೇಬಿನಿಂದ ಪೆನ್ನು ತೆಗೆದು, ಟಿಕೆಟ್ ತಿರುವಿ, ಹಿಂಬದಿಯಲ್ಲಿ "ಬಾಕಿ ಚುಕ್ತಾ" ಅಂತ ಬರೆದು, ತಾರೀಖು ಹಾಕಿ, ಸೆಕ್ರೆಟರಿಯ ಠೀವಿಯಲ್ಲಿ ಸಹಿ ಮಾಡಿದರು. ವಿಜಯಪುರದಲ್ಲಿ ಟಿ.ಸಿ. ಬಂದು ಟಿಕೆಟ್ ಕೇಳಿದಾಗ ಆ ಬದಿಯನ್ನೇ ಮುಂದೆ ಹಿಡಿದರು.