ಸತ್ಯಾಂಶ: ಪ್ಲೇಗ್ ಬಂದಾಗ ಯುರೋಪಿನವರು ಸುಮ್ನೆ ಕೂತಿರಲಿಲ್ಲ

‘1348ರ ಪ್ಲೇಗಿಗೆ ಯುರೋಪಿನ ಜನ ಪ್ರಾರ್ಥನೆ ಬಿಟ್ಟು ಬೇರೇನೂ ಮಾಡಲಿಲ್ಲ’ ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಜೊತೆಗೆ ಕೊಕ್ಕಿನ ಮುಖವಾಡ ಹಾಕಿದ ವೈದ್ಯನ ಚಿತ್ರ. ಆ ಮುಖವಾಡ 17ನೇ ಶತಮಾನದ್ದು.

ದೇವರ ಕೋಪ ಎಂದು ನಂಬಿದವರು ತುಂಬಾ ಜನ ಇದ್ದರು, ನಿಜ. ಪ್ಯಾರಿಸ್‌ನ ವೈದ್ಯ ಪಂಡಿತರು 1345ರ ಗ್ರಹಕೂಟದಿಂದ ಗಾಳಿ ಕೆಟ್ಟಿತು ಎಂದರು. ರೋಗಾಣುವಿನ ಸುಳಿವೇ ಇಲ್ಲದ ಕಾಲ ಅಲ್ವಾ? ಅವರನ್ನು ಪೆದ್ದರು ಎನ್ನುವುದು ಅನ್ಯಾಯ.

ಇಟಲಿಯ ಪಿಸ್ತೋಯಾ ಊರು 1348ರಲ್ಲೇ ಪೀಸಾ, ಲುಕ್ಕಾ ಕಡೆಯಿಂದ ಬರುವವರನ್ನು ತಡೆಯಿತು. ಹಳೆ ಬಟ್ಟೆ ತರುವುದನ್ನು ನಿಷೇಧಿಸಿತು. ಹೆಣ ಹೂಳುವ ಗುಂಡಿ ಎಷ್ಟು ಆಳ ಇರಬೇಕು ಎಂದೂ ಕಾನೂನು ಮಾಡಿತು. ಅಂದಿನ ರಗೂಸಾ, ಅಂದರೆ ಈಗಿನ ಕ್ರೊಯೇಷಿಯಾ ದೇಶದ ದುಬ್ರೋವ್ನಿಕ್ ಊರು, 1377ರಲ್ಲಿ ರೋಗ ಇದ್ದ ಕಡೆಯಿಂದ ಬಂದವರನ್ನು ಒಂದು ತಿಂಗಳು ಊರ ಹೊರಗೇ ಇರಿಸಿತು. 1423ರಲ್ಲಿ ವೆನಿಸ್ ದ್ವೀಪವೊಂದರಲ್ಲಿ ಪ್ಲೇಗ್ ಆಸ್ಪತ್ರೆಯನ್ನೇ ತೆರೆಯಿತು.